ದಫೇದಾರನಿಲ್ಲದ ಬಾಗಿಲು

ಯಾವ ಬಾಗಿಲೇ ಆಗಲಿ, ಅದರ ಮುಂದೆ ಅಪ್ಪ ಒಂದು ಗಳಿಗೆ ನಿಲ್ಲುತ್ತಿದ್ದರು. ಅಡುಗೆಮನೆಯಾದರೂ ಸರಿ, ಬಚ್ಚಲಾದರೂ ಸರಿ. ಅಪ್ಪ ನ್ಯಾಯಮೂರ್ತಿಯಾಗಿದ್ದ ಉಚ್ಚ ನ್ಯಾಯಾಲಯದಲ್ಲಿ ಅವರ ಮುಂದೆ ಕೆಂಪು ಪಟ್ಟಿಯ ದಫೇದಾರ ನಡೆಯುತ್ತಿದ್ದ. ಅವನು ದಾರಿ ಬಿಡಿಸಿದ ಮೇಲೆಯೇ ಅವರು ಒಳಗೆ ಕಾಲಿಡುವುದು. ನಿವೃತ್ತರಾಗಿ ವರ್ಷಗಳಾದರೂ ಆ ಅಭ್ಯಾಸ ಅಪ್ಪನನ್ನು ಬಿಟ್ಟಿರಲಿಲ್ಲ. "ದಫೇದಾರ ರಜೆ ಹಾಕಿದಾನೆ, ನೀವೇ ಬನ್ನಿ" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ನಿವೃತ್ತಿ ಎಂಬುದು ಹೆಸರಿಗೆ ಮಾತ್ರ. ವಿಚಾರಣಾ ಆಯೋಗದ ಅಧ್ಯಕ್ಷತೆ, ವಿಶ್ವವಿದ್ಯಾಲಯದ ಕುಲಾಧಿಪತಿ ಪದವಿ, ಒಂದರ ಹಿಂದೊಂದು ಹುಡುಕಿಕೊಂಡು ಬಂದವು. ಎಲ್ಲ ವೇದಿಕೆಗಳಲ್ಲೂ ಅದೇ ಕತೆ. ಕೆರೆಯಂಗಳದ ಕುಂಬಾರರನ್ನು ಒಕ್ಕಲೆಬ್ಬಿಸುವ ಮೊಕದ್ದಮೆಯಲ್ಲಿ "ಇವರು ಎಲ್ಲಿಗೆ ಹೋಗಬೇಕು?" ಎಂದು ಸರ್ಕಾರಿ ವಕೀಲರನ್ನು ಕೇಳಿದವರು ಪೀಠದ ಐವರಲ್ಲಿ ಅಪ್ಪ ಒಬ್ಬರೇ. ಹಾರ ಹಾಕುವವರು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮುಂದಿನದು ಯಾರಿಗೂ ಬೇಕಿರಲಿಲ್ಲ.

ಒಂದು ದಿನ ಆ ಕುಂಬಾರರಿಂದಲೇ ಕರೆ ಬಂತು. ಕಾರಿನಲ್ಲಿ ನಾನೂ ಜೊತೆಗಿದ್ದೆ. ದಾರಿ ಮುಗಿಯುತ್ತ ಬಂದಾಗ ಅಪ್ಪ ಬಾಯಿಬಿಟ್ಟರು.

"ಭಿನ್ನ ತೀರ್ಪು ಬರೆದಿಟ್ಟಿದ್ದೆ ಕಣಮ್ಮಾ. ಪೀಠದಲ್ಲಿ ಒಡಕು ಕಾಣಬಾರದು ಅಂತ ಮುಖ್ಯ ನ್ಯಾಯಮೂರ್ತಿಗಳು ಮನೆಗೇ ಬಂದು ಕೇಳಿಕೊಂಡರು. ಹರಿದುಹಾಕಿ, ಎಬ್ಬಿಸಿ ಅನ್ನೋ ತೀರ್ಪಿಗೇ ಅವರ ಜೊತೆ ಸಹಿ ಮಾಡಿದೆ. ಇವತ್ತು ಅದನ್ನ ಆ ಜನಕ್ಕೆ ಹೇಳಿಬಿಡಬೇಕು."

ತಿರುಗಿ ಹೋಗೋಣ ಎನ್ನಬೇಕೆನಿಸಿತು ನನಗೆ.

ಕಲ್ಲುಗಣಿಯ ಪಕ್ಕದ ಬೋಳು ಬಂಡೆಯ ಮೇಲೆ ಸಾಲು ಮನೆಗಳು. ವೇದಿಕೆಯಿರಲಿಲ್ಲ, ಹಾರವಿರಲಿಲ್ಲ. ಸಾವಂತ್ರವ್ವ ಎಂಬ ಮುದುಕಿ ಒಬ್ಬಳೇ ಕಾದಿದ್ದಳು. ಕಾರಿನಿಂದ ಇಳಿದವರೇ ಅಪ್ಪ ಕೈಮುಗಿದರು.

"ತಾಯಿ, ಅವತ್ತು ಕೇಳಿದವನು ನಾನೇ. ಆದರೆ ಆಮೇಲೆ ನಾನೂ ಸಹಿ ಹಾಕಿದೆ."

"ಗೊತ್ತೈತ್ರಿ ಸಾಹೇಬ್ರ. ಉಳಿದವ್ರು ಕೇಳದ ಹಾಕಿದ್ರು. ನೀವು ಕೇಳಿ ಹಾಕಿದ್ರಿ. ಅದಕ್ಕ ನಿಮ್ಮನ್ನ ಕರೆಸೇವಿ. ಎಲ್ಲಿಗೆ ಹೋದ್ವಿ ಅಂತ ನೋಡ್ಕೊಂಡು ಹೋಗ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು.

ಅವಳು ಮುಂದೆ ನಡೆದಳು, ಅಪ್ಪ ಹಿಂದೆ. ಬಂಡೆಯ ಮೇಲೆ ಮಡಕೆಯ ಮಣ್ಣು ಎಲ್ಲಿಂದ ಬರಬೇಕು? ಕುಂಬಾರರ ತಿಗರಿಗಳು ತಿರುಗುವುದನ್ನು ಮರೆತು ಗೋಡೆಗೆ ಒರಗಿದ್ದವು. ಒಂದರ ಮೇಲೆ ಕೋಳಿ ಕೂತಿತ್ತು. ಪ್ರತಿ ಬಾಗಿಲಲ್ಲೂ ಪ್ಲಾಸ್ಟಿಕ್ ಕೊಡ. ಗಂಡಸರೆಲ್ಲ ಕಲ್ಲು ಒಡೆಯಲು ಹೋಗಿದ್ದರು.

ತನ್ನ ಮನೆಯ ಮುಂದೆ ಅವಳು ಪಕ್ಕಕ್ಕೆ ಸರಿದಳು. ಅಪ್ಪ ಎಂದಿನಂತೆ ನಿಂತರು.

"ಬಾಗಲಾ ತಗ್ಗೈತ್ರಿ. ತಲಿ ಬಗ್ಗಿಸಿ ಬರ್ರಿ."

ಅಪ್ಪ ತಲೆ ಬಗ್ಗಿಸಿ ಒಳಗೆ ಹೋದರು. ಅವಳು ಚಾಪೆ ಹಾಸಿ, ಪ್ಲಾಸ್ಟಿಕ್ ಲೋಟದಲ್ಲಿ ನೀರು ಕೊಟ್ಟಾಗಲೂ ಬಗ್ಗಿಸಿದ ತಲೆಯನ್ನು ಅಪ್ಪ ಎತ್ತಲಿಲ್ಲ.