ವಂದನಾರ್ಪಣೆಯಲ್ಲಿ ಪರ್ಷಿಯದ ಸೇನಾಪತಿ

ಅಮೆರಿಕದ ಬ್ರಿಡ್ಜ್‌ವಾಟರಿನ ಪ್ರಭಾಕರರಿಗೆ ಔಷಧ ಕಂಪನಿಯಿಂದ ನಿವೃತ್ತರಾದ ಮೇಲೆ ತಾಹಿರ್ ಎಂಬ ಪರ್ಷಿಯದ ಸೇನಾಪತಿಯ ಹುಚ್ಚು ಹಿಡಿಯಿತು. ಸಾವಿರದಿನ್ನೂರು ವರ್ಷಗಳ ಹಿಂದಿನ ಆಸಾಮಿ. ಇದ್ದದ್ದು ಒಂದೇ ಕಣ್ಣು, ಕತ್ತಿ ಬೀಸುವುದು ಮಾತ್ರ ಎರಡೂ ಕೈಯಲ್ಲಿ. ಮನೆಗೆ ಬಂದವರ ಮುಂದೆ ಅವನ ಹೆಸರೆತ್ತಿದರೆ ಸಾಕು, ಅವರು ಟ್ರಾಫಿಕ್ ನೆನಪಾಗಿ ಎದ್ದುಬಿಡುತ್ತಿದ್ದರು. ಹೆಂಡತಿ ತ್ರಿಪುರಸುಂದರಿಯಂತೂ ಅವನನ್ನು ‘ನಿಮ್ಮ ಒಕ್ಕಣ್ಣ’ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಒಬ್ಬರೂ ಅವನ ಕಥೆಯನ್ನು ಕೊನೆಯವರೆಗೆ ಕೇಳಿರಲಿಲ್ಲ. ಒಮ್ಮೆಯಾದರೂ ಯಾರಾದರೂ ಕೇಳಲಿ ಎಂದು ಪ್ರಭಾಕರರ ಜೀವ ಹಪಹಪಿಸುತ್ತಿತ್ತು.

ಕೊನೆಗೆ ಕನ್ನಡ ಸಂಘದ ಅಧ್ಯಕ್ಷ ವೀರೇಂದ್ರ ರಾಜ್ಯೋತ್ಸವದ ದಿನ ತಾಹಿರನ ಏಕಪಾತ್ರಾಭಿನಯಕ್ಕೆ ಅವರಿಗೆ ಇಪ್ಪತ್ತು ನಿಮಿಷ ಕೊಟ್ಟ. ಅಂದು ಅವನ ಸ್ವಾಗತ ಭಾಷಣವೇ ನಲವತ್ತು ನಿಮಿಷ ನುಂಗಿತು. ಇಪ್ಪತ್ತು ಹತ್ತಾಯಿತು, ಹತ್ತು ಐದಾಯಿತು. ಆಮೇಲೆ ವೀರೇಂದ್ರನೇ ಪರದೆಯ ಹಿಂದೆ ಬಂದ.

“ಅಂಕಲ್, ನಿಮ್ಮ ಐಟಮ್ ಡ್ರಾಪ್ ಮಾಡ್ತಿದೀವಿ. ಊಟ ಆರಿಹೋಗ್ತಿದೆ. ಬೇಕಾದ್ರೆ ವೋಟ್ ಆಫ್ ಥ್ಯಾಂಕ್ಸ್ ನೀವೇ ಹೇಳ್ಬಿಡಿ.”

ಪ್ರಭಾಕರರು ಚಳಿಗಾಲದ ಕೋಟನ್ನು ಒಳಹೊರಗು ಮಾಡಿ ತೊಟ್ಟು, ಎದೆಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ ಕೊಟ್ಟಿದ್ದ ಪಟ್ಟಿಯನ್ನು ಒಂದು ಕಣ್ಣಿಗೆ ಕಟ್ಟಿಕೊಂಡು ನಿಂತಿದ್ದರು. ಅವರಿಗೆ ಅಳುವೇ ಬಂತು. ಆದರೆ ಕೈಗೆ ಬಂದ ಅರವತ್ತಮೂರು ಹೆಸರುಗಳ ಪಟ್ಟಿ ನೋಡಿದಾಗ ಸಂಘದ ಹಳೆಯ ಹುಲಿಗೆ ಒಂದು ಸಂಗತಿ ಹೊಳೆಯಿತು. ತನ್ನ ಹೆಸರು ಬರುವ ತನಕ ಇಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ.

ಮೊದಲು ಮೈಕಿನ ಶ್ರೀನಿಗೆ ವಂದನೆ ಹೇಳಿದರು. ಶ್ರೀನಿ ಎದ್ದು ತಟ್ಟೆಯ ಕಡೆ ಹೋದ. ಎರಡನೆಯ ಹೆಸರಿಗೆ ಮುಂಚೆ ತಾಹಿರ್ ಹೆರಾತಿನ ಬಳಿ ಹುಟ್ಟಿ, ಬೆಳೆದು, ಯುದ್ಧದಲ್ಲಿ ಕಣ್ಣು ಕಳೆದುಕೊಂಡಾಗಿತ್ತು. ರಂಗೋಲಿ ಹಾಕಿದ ರಂಜನಿಯ ಹೆಸರು ಬಂದಾಗ ಅವನು ತನಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯವನ್ನು ಬಡಿದಟ್ಟುತ್ತಿದ್ದ. ಪ್ರಾಯೋಜಕರೆಲ್ಲ ಗಡಿಯಾರ ನೋಡುತ್ತ, ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಬಾಗ್ದಾದಿನ ಮುತ್ತಿಗೆಯ ಹೊತ್ತಿಗೆ ಒಂದು ವಿಚಿತ್ರವಾಯಿತು. ಹೆಸರು ಬಂದವರು ಕೂಡ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಪ್ರಭಾಕರರ ದನಿ ಏರಿತು, ಕೈ ಎರಡೂ ತಾವಾಗಿಯೇ ಬೀಸಿದವು.

ಗೆದ್ದ ತಾಹಿರ್ ಖುರಾಸಾನ್ ಪ್ರಾಂತ್ಯದ ಅಧಿಪತಿಯಾದ. ಶುಕ್ರವಾರದ ಪ್ರವಚನದಲ್ಲಿ ಒಡೆಯನಾದ ಖಲೀಫನ ಹೆಸರು ಹೇಳಲೇಬೇಕು, ಬಿಟ್ಟರೆ ದಂಗೆಯೆದ್ದಂತೆ. ಒಂದು ಶುಕ್ರವಾರ ಅವನು ಆ ಹೆಸರನ್ನು ಬಿಟ್ಟುಬಿಟ್ಟ.

ಇಷ್ಟು ಹೇಳುವಾಗ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಮೊದಲ ಸಾಲಿನಲ್ಲಿ ವೀರೇಂದ್ರ ಕೋಟಿನ ಗುಂಡಿ ಹಾಕಿಕೊಂಡು ಅರ್ಧ ಎದ್ದಿದ್ದ. ಪ್ರಭಾಕರರು ಅವನನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಹಾಳೆಯನ್ನು ಮಡಚಿ, ಎಲ್ಲರಿಗೂ ನಮಸ್ಕಾರ ಎಂದು ಇಳಿದುಬಂದರು.

ಸಂಜೆಯ ಕಾಫಿ ಮುಗಿಯುವ ಮೊದಲೇ ಸಂಘದ ವಾಟ್ಸ್ಆ್ಯಪ್ ಗುಂಪಿನಿಂದ ಪ್ರಭಾಕರರನ್ನು ತೆಗೆದುಹಾಕಿದ್ದಾಯಿತು. ಇಪ್ಪತ್ತೆರಡು ವರ್ಷ ಓಡಾಡಿದ ಸಂಘ. ಪೌರುಷವೆಲ್ಲ ಇಳಿದು, ಯಾಕಾದರೂ ಹಾಗೆ ಮಾಡಿದೆನೋ ಎಂದು ಅವರಿಗೆ ಸಂಕಟವಾಯಿತು.

ಮಾರನೆಯ ಬೆಳಿಗ್ಗೆ ವೀರೇಂದ್ರನ ಫೋನು. ಬೈಗುಳಕ್ಕೆ ಸಿದ್ಧರಾಗಿಯೇ ಎತ್ತಿಕೊಂಡರು.

“ಹೆಸರು ಬಿಟ್ರಿ, ಬೇಜಾರಾಯ್ತು, ಅದಿರ್ಲಿ. ಆದ್ರೆ ಅಂಕಲ್, ಆ ಖಲೀಫ ಅವನನ್ನ ಏನ್ ಮಾಡ್ದ? ನೀವು ಅಲ್ಲಿಗೇ ನಿಲ್ಸಿಬಿಟ್ರಿ. ನಂಗೆ ನಿದ್ದೇನೇ ಬರ್ಲಿಲ್ಲ.”

ಪ್ರಭಾಕರರು ಕುರ್ಚಿ ಎಳೆದುಕೊಂಡು ಕೂತು, ಸಾವಧಾನವಾಗಿ ಹೇಳಿದರು: ಮಾರನೆಯ ಬೆಳಿಗ್ಗೆ ತಾಹಿರ್ ಹಾಸಿಗೆಯಲ್ಲೇ ಸತ್ತುಬಿದ್ದಿದ್ದ. ಕೆಲವರು ವಿಷ ಎನ್ನುತ್ತಾರೆ, ಕೆಲವರು ಜ್ವರ ಎನ್ನುತ್ತಾರೆ. ನಿಜ ಯಾರಿಗೂ ಗೊತ್ತಿಲ್ಲ.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಅಂಕಲ್,” ಎಂದ ವೀರೇಂದ್ರ, ದನಿ ತಗ್ಗಿಸಿ, “ನೀವು ಆರೋಗ್ಯವಾಗಿದೀರಿ ತಾನೆ?”