ಸುಂದುಸ್ ಹಾವು ಆರಿಸಿದ ಶುಕ್ರವಾರ

ಗೀಝಾ ದಾಟಿ ಮರಳು ಶುರುವಾಗುವ ಅಂಚಿನಲ್ಲಿ ಹಾಜಿ ತುಲ್ಬಾ ಅವರ ಮನೆ. ಆ ಮನೆಯವರಿಗೆ ಹಾವೆಂದರೆ ಭಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ; ಭಯವೇನಿದ್ದರೂ ಹಾವುಗಳಿಗೇ. ಮುದುಕ ತುಲ್ಬಾ ಒಮ್ಮೆ ಕೆಮ್ಮಿದರೆ ಮೂರು ಹರದಾರಿ ಆಚೆಯ ನಾಗರಹಾವು ಹೆಡೆ ಮಡಚಿಕೊಂಡು ತಾನೇ ಬಂದು ಚೀಲಕ್ಕೆ ಬೀಳುತ್ತಿತ್ತು. ಹಾವು ಹಿಡಿಯುವುದು, ಪ್ರಯೋಗಾಲಯದವರಿಗೂ ಸಾಕುವವರಿಗೂ ಮಾರುವುದು ಅವರ ಏಳು ತಲೆಮಾರಿನ ಕಸುಬು.

ಹೆದರುವ ಜೀವ ಅಲ್ಲಿ ಒಂದೇ. ತಂತಾ ಪಟ್ಟಣದಿಂದ ಸೊಸೆಯಾಗಿ ಬಂದ ಇನ್‌ಶಿರಾಹ್. ಅವಳೊಬ್ಬಳ ಹೆದರಿಕೆಯನ್ನು ಇಡೀ ಈಜಿಪ್ಟಿಗೆ ಹಂಚಿದರೂ ಮಿಕ್ಕಿದ್ದನ್ನು ಸುಡಾನಿಗೆ ಕಳಿಸಬಹುದಿತ್ತು. ಹದಿನಾರು ವರ್ಷದಿಂದ ಮೂರು ಸಲ ಕೊಡವದೆ ಅವಳು ಚಪ್ಪಲಿ ಮೆಟ್ಟಿದ್ದಿಲ್ಲ.

ಈ ಶುಕ್ರವಾರ ಮಗಳು ಸುಂದುಸ್‌ಗೆ ಹದಿನಾಲ್ಕು ತುಂಬಿತ್ತು. ನಮಾಜು ಮುಗಿದ ಮೇಲೆ ಅವಳು ಸಾಕಲು ತನ್ನ ಮೊದಲ ಹಾವನ್ನು ಆರಿಸಬೇಕು. ಮೂರು ಬಟ್ಟೆಚೀಲ, ಮೂರರಲ್ಲೂ ವಿಷವಿಲ್ಲದ ಹಾವು. ಚೀಲ ಬಿಚ್ಚುವಂತಿಲ್ಲ. ಕಣ್ಣು ಮುಚ್ಚಿ, ಬಟ್ಟೆಯ ಮೇಲಿಂದಲೇ ಅಂಗೈಯಲ್ಲಿ ತಡವಿ, ಮನಸ್ಸಿಗೆ ಒಪ್ಪಿದ್ದನ್ನು ಹೇಳಬೇಕು. ಅದನ್ನು ವರ್ಷ ಪೂರ್ತಿ ಸಾಕಿದಳೆಂದರೆ ಹುಡುಗಿ ಕಸುಬಿಗೆ ಸೇರಿದಳು ಅಂತಲೇ.

ಸೇರಬಾರದು ಅನ್ನುವುದೇ ಇನ್‌ಶಿರಾಹ್‌ಳ ಹಟ. ಬೆಳಿಗ್ಗೆ ಗಂಡಸರು ಸ್ನಾನಕ್ಕೆ ಹೋಗಿದ್ದಾಗ ಅವಳು ಜೀವಮಾನದಲ್ಲಿ ಮೊದಲ ಸಲ ಹಾವಿನ ಕೋಣೆ ಹೊಕ್ಕಿದ್ದಳು. ವಿಷದ ಹಾವಿನ ಚೀಲಕ್ಕೆ ಎರಡು ಗಂಟು, ಸಾಧು ಹಾವಿನದಕ್ಕೆ ಒಂದು. ಅಷ್ಟು ಅವಳಿಗೂ ಗೊತ್ತು. ಮಾವ ಕಟ್ಟಿಟ್ಟಿದ್ದ ಮೂರು ಚೀಲಗಳಲ್ಲಿ ಒಂದರೊಳಗೆ ಮಣ್ಣುಮುಕ್ಕ ಹಾವು ಹಿಟ್ಟಿನ ಮುದ್ದೆಯ ಹಾಗೆ ಬಿದ್ದಿತ್ತು. ಆ ಚೀಲವನ್ನು ಕಿಟಕಿಯ ಬಳಿ ಇಟ್ಟು, ಅಲ್ಲಿ ಕೊತಕೊತ ಕುದಿಯುವ ಹಾಗೆ ಮಿಸುಕಾಡುತ್ತಿದ್ದ ಒಂದೇ ಗಂಟಿನ ಇನ್ನೊಂದು ಚೀಲವನ್ನು ಒಲೆಯ ಇಕ್ಕಳದಲ್ಲಿ ಹಿಡಿದು ತಂದಿಟ್ಟಳು. ಇದು ಮಗಳನ್ನು ಒಮ್ಮೆ ಬೆಚ್ಚಿಬೀಳಿಸಲಿ, ಅವಳು ಈ ಹುಚ್ಚು ಬಿಡಲಿ ಅಂತ.

ಈಗ ಅಂಗಳದ ಚಾಪೆಯ ಮೇಲೆ ಮೂರು ಚೀಲ. ಸುಂದುಸ್ ಕಣ್ಣು ಮುಚ್ಚಿ ಕೂತಿದ್ದಳು.

"ಅವಸರ ಮಾಡ್ಬೇಡಮ್ಮಾ," ಅಂದರು ತುಲ್ಬಾ. "ಗಂಡನ್ನ ಆರಿಸೋವಾಗ ತಪ್ಪಿದ್ರೂ ನಡೆಯತ್ತೆ, ಹಾವನ್ನ ಆರಿಸೋವಾಗ ತಪ್ಪಬಾರದು."

"ಅದಕ್ಕೆ ಸಾಕ್ಷಿ ಇಲ್ಲೇ ಕೂತಿದ್ದಾಳಲ್ಲ, ಕೇಳಿ," ಅಂದ ಗಂಡ ಅಶ್ಮಾವಿ, ಹೆಂಡತಿಯ ಕಡೆ ಕಣ್ಣು ಮಿಟುಕಿಸಿ.

ಬೇರೆ ದಿನವಾಗಿದ್ದರೆ ಇನ್‌ಶಿರಾಹ್ ಅವನ ನೀರಿಳಿಸುತ್ತಿದ್ದಳು. ಇವತ್ತು ಅವಳ ಕಣ್ಣು ತಾನು ಬದಲಾಯಿಸಿದ ಚೀಲದ ಮೇಲೇ ಇತ್ತು.

ಸುಂದುಸ್ ಮೊದಲ ಚೀಲ ತಡವಿದಳು. "ಇದಕ್ಕೆ ನಿದ್ದೆ ಜಾಸ್ತಿ, ಚಿಕ್ಕಪ್ಪನ ಥರ."

ಆ ಚಿಕ್ಕಪ್ಪ ದಸೂಕಿ ಅಷ್ಟರಲ್ಲೇ ಹಾವಿನ ಕೋಣೆಯಿಂದ ಬಂದು ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದ. "ಅಣ್ಣಾ, ಕಿಟಕಿ ಹತ್ರ ಇಟ್ಟಿದ್ದ ತುರೈಶ ಎಲ್ಲಿ? ಅಲ್ಲೀಗ ಮಣ್ಣುಮುಕ್ಕ ಮಲಗಿದೆ. ನಾನು ಒಂದು ಗಂಟು ಹಾಕೋದ್ರೊಳಗೆ ಫೋನ್ ಬಂತು, ಎರಡನೇದು ಮರೆತೇಹೋಯ್ತು."

"ಎಲ್ಲಿ ಹೋಗತ್ತೆ, ಆಮೇಲೆ ಹುಡುಕೋಣ. ಸುಮ್ನಿರು." ಅಪ್ಪ ತನ್ನ ಕೈಯಾರೆ ಕಟ್ಟಿಟ್ಟ ಚೀಲಗಳನ್ನು ಯಾರಾದರೂ ಮುಟ್ಟಿರಬಹುದೆಂಬುದು ಅಶ್ಮಾವಿಗೆ ಕನಸಿನಲ್ಲೂ ಹೊಳೆಯುವ ಮಾತಲ್ಲ.

ಆ ಪಿಸುಮಾತು ಇನ್‌ಶಿರಾಹ್‌ಗೂ ಕೇಳಿಸಿತು. ತುರೈಶ ಅಂದರೆ ಕೊಂಬಿನ ವಿಷಹಾವು. ಬಟ್ಟೆ ಅದರ ಹಲ್ಲಿಗೆ ಲೆಕ್ಕವೇ ಅಲ್ಲ. ಅವಳ ಎದೆ ಬಡಿದ ಸದ್ದಿಗೆ ಮಾಳಿಗೆಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಬಾಯಿ ಬಿಟ್ಟರೆ ಈ ಮನೆಯಲ್ಲಿ ಮತ್ತೆ ಮುಖವೆತ್ತಿ ತಿರುಗುವ ಹಾಗಿಲ್ಲ. ಬಿಡದಿದ್ದರೆ?

ಸುಂದುಸ್‌ಳ ಕೈ ಎರಡನೆಯ ಚೀಲದ ಮೇಲಿತ್ತು. "ಇದು ಚೆನ್ನಾಗಿದೆ ತಾತ. ನನ್ನ ಕೈ ಕೆಳಗೇ ಸುತ್ತಿಕೊಳ್ತಿದೆ."

"ಮೂರನೇದನ್ನೂ ನೋಡಿಬಿಡು."

ಮೂರನೆಯ ಚೀಲದಿಂದ ಕಾದ ಹೆಂಚಿಗೆ ನೀರು ಚಿಮುಕಿಸಿದಂಥ ಸದ್ದು ಬಂತು. ಮಗಳ ಅಂಗೈ ಇನ್ನು ಒಂದು ಗೇಣು ದೂರ. ಇನ್‌ಶಿರಾಹ್ ಹೇಗೆ ಎದ್ದಳೋ, ಚಹಾದ ಲೋಟಗಳನ್ನು ಹೇಗೆ ದಾಟಿದಳೋ ಆ ದೇವರಿಗೇ ಗೊತ್ತು. ಮಗಳ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಅಂಗಾತ ಬಿದ್ದರು.

ಚೀಲ ತಾನಾಗಿಯೇ ಎಗರಿತು. ಬಟ್ಟೆಯ ಮೇಲೆ ಸಾಸಿವೆ ಗಾತ್ರದ ಎರಡು ಒದ್ದೆ ಕಲೆ ಮೂಡಿದವು.

"ತುರೈಶ!" ಅಂದ ದಸೂಕಿ.

"ನಾನೇ," ಅಂದಳು ಇನ್‌ಶಿರಾಹ್, ನೆಲದ ಮೇಲಿಂದಲೇ. "ನಾನೇ ಬದಲಾಯಿಸಿದ್ದು, ಮಾವಾ. ಸಾಧು ಅಂದ್ಕೊಂಡಿದ್ದೆ. ಇವಳು ಹೆದರ್ಲಿ ಅಂತ."

ಬೆತ್ತದ ಕೊಕ್ಕೆಯಿಂದ ಆ ಚೀಲವನ್ನು ಎತ್ತಿ ತಗಡಿನ ಡಬ್ಬಿಗೆ ಹಾಕುವಾಗ ತುಲ್ಬಾ ಅವರ ಕೈ ನಡುಗುತ್ತಿತ್ತು. ಏಳು ತಲೆಮಾರಿನಲ್ಲಿ ನಡುಗಿದ ಮೊದಲ ಕೈ ಅದು.

"ಅದರ ಹಲ್ಲಿಗೂ ಒಂದು ಅಳತೆ ಇದೆ ಕಣಮ್ಮಾ," ಅಂದರು ಸೊಸೆಗೆ. "ನಿನ್ನ ಹೆದರಿಕೆಗಿಲ್ಲ." ಆಮೇಲೆ ದಸೂಕಿಯ ಕಡೆ ತಿರುಗಿ, "ನಿನ್ನ ಫೋನನ್ನ ನೈಲ್‌ಗೆ ಎಸಿ. ಇವತ್ತಿಗೆ ಸಾಕು, ಎಲ್ಲಾ ಏಳಿ."

"ಇಲ್ಲ ತಾತ." ಸುಂದುಸ್ ಎದ್ದು ಕೂತಿದ್ದಳು. "ನಾನು ಆರಿಸಾಯ್ತು. ಎರಡನೇದು." ಗಂಟಿಗೆ ಕೈ ಹಾಕಿದಳು, ಬೆರಳು ಹಿಡಿತಕ್ಕೆ ಬರಲಿಲ್ಲ. "ಅಮ್ಮಾ, ನೀನು ಬಿಚ್ಚು. ನನ್ನ ಕೈ ನಡುಗ್ತಿದೆ."

"ನಾನಾ? ನನ್ನ ಕೈ ನೋಡೇ!"

"ಬೆಳಿಗ್ಗೆ ಚೀಲ ಬದಲಾಯಿಸೋವಾಗ ಇತ್ತಲ್ಲ ಧೈರ್ಯ?"

ಇನ್‌ಶಿರಾಹ್ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಚಾಪೆಯ ಮೇಲೆ ತೆವಳಿ ಹತ್ತಿರ ಹೋದಳು. ಬಿಸ್ಮಿಲ್ಲಾ ಅಂದಳು, ನಾಲ್ಕು ಸಲ ಅಂದಳು, ಗಂಟು ಸಡಿಲಿಸಿದಳು. ಪಟ್ಟೆಪಟ್ಟೆಯ ತೆಳ್ಳನೆಯ ಹಾವೊಂದು ಹೊರಗೆ ಬಂತು. ಎದುರಿಗೆ ಚಾಚಿದ್ದ ಸುಂದುಸ್‌ಳ ಕೈಗೆ ಹೋಗಲು ಅದಕ್ಕೆ ಇದ್ದದ್ದು ಒಂದೇ ದಾರಿ, ತಾಯಿಯ ಮಣಿಕಟ್ಟಿನ ಮೇಲೆ. ತಣ್ಣಗೆ, ನಿಧಾನವಾಗಿ, ಬಾಲದ ತುದಿಯವರೆಗೆ ದಾಟಿತು. ಮಗಳು ನೋಡುತ್ತಿದ್ದಳು. ಇನ್‌ಶಿರಾಹ್ ಉಸಿರು ಬಿಡಲಿಲ್ಲ, ಕೈಯನ್ನೂ ಹಿಂದೆ ತೆಗೆಯಲಿಲ್ಲ.