ನಾನು ಕೊಟ್ಟು ಕಳಿಸಿದ ಫ್ಯಾನು

ನಮ್ಮನೆಯವರು ವೆಲ್ಡರ್. ಇಪ್ಪತ್ತೆರಡು ವರ್ಷ ರಾಡ್ ಹಿಡಿದು ಬೆಸುಗೆ ಹಾಕಿದ ಕೈ. ಗೇಟು, ಕಿಟಕಿ, ಏಣಿ, ಏನೇ ಮಾಡಿಕೊಟ್ಟರೂ ಒಂದೂ ವಾಪಸ್ ಬಂದದ್ದಿಲ್ಲ. ಅದರ ಜಂಬ ಅವರಿಗಿಂತ ನನಗೇ ಒಂದು ಪಟ್ಟು ಜಾಸ್ತಿ ಇತ್ತು. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೋದ ಬೇಸಿಗೆಗೆ ಮುಂಚೆ ಅವರು ಕೆಲಸ ಮಾಡುವ ವರ್ಕ್‌ಶಾಪಿಗೆ ಹೊಸ ಮೆಷಿನ್ ಬಂತು. ಇದರಲ್ಲಿ ರಾಡ್ ಇಲ್ಲ. ಸುರುಳಿ ಸುತ್ತಿದ ತಂತಿ ತಾನೇ ಕೈಯಲ್ಲಿ ಹಿಡಿಯುವ ಗನ್ನಿನೊಳಗಿಂದ ಬಂದು ಕರಗುತ್ತದೆ. ಪಕ್ಕದಲ್ಲಿ ಒಂದು ಗ್ಯಾಸ್ ಸಿಲಿಂಡರ್ ಇರುತ್ತದೆ. ಮಿಗ್ ವೆಲ್ಡಿಂಗ್ ಅನ್ನುತ್ತಾರೆ.

ನಮ್ಮ ಪಕ್ಕದ ಮನೆಯವಳು ಬಸ್ಸಿನ ಬಾಡಿ ಕಟ್ಟುವ ಕಡೆ ಇದೇ ಕೆಲಸ ಮಾಡುತ್ತಾಳೆ. ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟ್ ತಗೊಂಡವಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಕಿಡಿಯಮ್ಮ ಅಂತ. ಒಂದು ಸಂಜೆ ಅರ್ಜಿ ಫಾರ್ಮ್ ಹಿಡಿದುಕೊಂಡು ಬಂದಳು.

“ಅಣ್ಣ, ಮೂರು ತಿಂಗಳ ಕೋರ್ಸು. ಸೇರ್ಕೊಳ್ಳಿ. ಸರ್ಟಿಫಿಕೇಟ್ ಇದ್ರೆ ಎಲ್ಲಿ ಹೋದ್ರೂ ಕರೆದು ಕೆಲಸ ಕೊಡ್ತಾರೆ. ಆ ಮೆಷಿನ್ ನೋಡೋಕೆ ಸುಲಭ, ಆದ್ರೆ ರಾಡಿನ ಅಭ್ಯಾಸ ಅದಕ್ಕಾಗಲ್ಲ.”

ಇವರು ನಕ್ಕರು. “ನಾನು ಬೆಸುಗೆ ಹಾಕೋಕೆ ಶುರು ಮಾಡ್ದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ ಕಣಮ್ಮ. ಎರಡು ದಿನ ನೋಡ್ದೆ, ಬಂತು.”

ನಾನಾದರೂ ಸುಮ್ಮನಿದ್ದೆನಾ? “ಇವರ ಕೈಗೆ ಕಾಗದದ ಸಾಕ್ಷಿ ಬೇರೆ ಬೇಕಾ?” ಅಂದೆ. ಆ ಫಾರ್ಮನ್ನು ಅವಳೆದುರಿಗೇ ಮಡಚಿ ಅಡುಗೆಮನೆಯ ಡಬ್ಬಿಗಳ ಅಡಿಗೆ ಹಾಸಿದೆ. ಅವಳು ಹೊರಟುಹೋದಳು.

ಬಿಸಿಲು ಏರಿತು. ತಗಡಿನ ಸೂರಿನ ಕೆಳಗೆ ಕೂತರೆ ಬೆವರು ಕಣ್ಣಿಗಿಳಿಯುತ್ತೆ ಅಂದರು ಇವರು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ನಾನೇ ಒರೆಸಿ, ವೈರು ಸುತ್ತಿ ಕೊಟ್ಟೆ. “ಪಕ್ಕದಲ್ಲೇ ಇಟ್ಕೊಳ್ಳಿ, ಮೈಮೇಲೆ ಬೀಸೋ ಹಾಗೆ” ಅಂದೆ.

ಆ ಫ್ಯಾನಿನ ಗಾಳಿಯಲ್ಲಿ ಅವರು ತಂತಿ ಮೆಷಿನ್ ಹಿಡಿದು ಮೂರು ಏಣಿ ಮಾಡಿದರು. ಗೋದಾಮಿನಲ್ಲಿ ತಳ್ಳಿಕೊಂಡು ಹೋಗುವಂಥವು. ಒಂಬತ್ತು ಮೆಟ್ಟಿಲು, ಕೆಳಗೆ ನಾಲ್ಕು ಗಾಲಿ. ಬೆಸುಗೆಯ ಮೇಲೆ ಅಲ್ಲಲ್ಲಿ ಸಣ್ಣ ತೂತು ಕಂಡವಂತೆ. ಗ್ರೈಂಡರ್ ಹಿಡಿದು ಸವರಿಬಿಟ್ಟರು. ಅದೇ ವರ್ಕ್‌ಶಾಪಿನಲ್ಲಿ ಪೇಂಟ್ ಹೊಡೆಯುವ ನನ್ನ ಮೈದುನ ಮೇಲೆ ಹಸಿರು ಬಳಿದ.

ಎರಡು ಮಾರಾಟವಾದವು. ಮೂರನೆಯದು ವರ್ಕ್‌ಶಾಪಿನಲ್ಲೇ ಉಳಿಯಿತು. ಪೇಂಟಿನ ಡಬ್ಬ ಅಟ್ಟಕ್ಕಿಡಲು ಮೈದುನ ಅದನ್ನು ಹತ್ತಿದ. ಎಂಟನೇ ಮೆಟ್ಟಿಲು ಕಿತ್ತುಬಂತು.

ಬೆನ್ನುಮೂಳೆ ಮುರಿದಿದೆ, ಇನ್ನು ನಡೆಯಲಾರ ಅಂದರು ಡಾಕ್ಟರು. ಅವನಿಗೆ ಇಪ್ಪತ್ತಾರು ವರ್ಷ. ನಡುಮನೆಯ ಮಂಚದ ಮೇಲೆ ತಂದು ಮಲಗಿಸಿದೆವು. ಇವರು ಕೆಲಸ ಬಿಟ್ಟರು, ಊಟ ಬಿಟ್ಟರು, ಮಾತೂ ಬಿಟ್ಟರು. ಬೆಳಗಾದರೆ ಗೋಡೆಗೆ ಮುಖ ಮಾಡಿ ಕೂರುವುದು, ಕತ್ತಲಾದರೆ ಅಲ್ಲೇ ಒರಗುವುದು.

ಒಂದು ದಿನ ಕಿಡಿಯಮ್ಮ ಬಂದಳು. ಕೈಯಲ್ಲಿ ವರ್ಕ್‌ಶಾಪಿನಿಂದ ತಂದ ಆ ಮುರಿದ ಮೆಟ್ಟಿಲು. ಬೆಸುಗೆ ಬಿಟ್ಟ ಜಾಗ ತೋರಿಸಿದಳು. ಒಳಗೆಲ್ಲ ಸ್ಪಂಜಿನ ಹಾಗೆ ತೂತು.

“ಅಣ್ಣ, ಕೆಲಸ ಮಾಡೋವಾಗ ಹತ್ರದಲ್ಲಿ ಫ್ಯಾನ್ ಇತ್ತಾ?”

ಇವರು ತಲೆಯೆತ್ತಿ ನನ್ನನ್ನು ನೋಡಿದರು. ನಾನೇ ಹೇಳಿದೆ. “ನಾನು ಕೊಟ್ಟು ಕಳಿಸಿದ್ದು.”

“ರಾಡಿನ ಸುತ್ತ ಮದ್ದು ಮೆತ್ತಿರುತ್ತೆ ಅಕ್ಕ. ಅದು ಉರಿದು ಬೆಸುಗೆಗೆ ತಾನೇ ಮುಸುಕು ಹಾಕುತ್ತೆ. ಸ್ವಲ್ಪ ಗಾಳಿ ಬೀಸಿದ್ರೂ ತಡ್ಕೊಳ್ಳುತ್ತೆ. ತಂತಿಗೆ ಆ ಸಿಲಿಂಡರಿನ ಗ್ಯಾಸೇ ಮುಸುಕು. ಫ್ಯಾನ್ ಹಾಕಿದ್ರೆ ಗ್ಯಾಸ್ ಹಾರ್ಹೋಗುತ್ತೆ, ಹೊರಗಿನ ಗಾಳಿ ಕರಗಿದ ಕಬ್ಬಿಣದೊಳಕ್ಕೆ ಸೇರುತ್ತೆ. ಇದನ್ನ ನಮಗೆ ಮೊದಲನೇ ವಾರವೇ ಹೇಳ್ಕೊಟ್ರು.”

ಮೊದಲನೇ ವಾರ.

ಅವಳು ಇನ್ನೊಂದು ಫಾರ್ಮ್ ತಂದಿದ್ದಳು. “ಇನ್ಯಾಕಮ್ಮ,” ಅಂದರು ಇವರು. “ಈ ಕೈ ಕತ್ತರಿಸಿ ಹಾಕಿದ್ರೂ ಅವನ ಕಾಲು ಬರಲ್ಲ.”

ಆಗ ಮಂಚದಿಂದ ಮೈದುನ ಕೇಳಿದ. “ಅಣ್ಣ, ಇನ್ನೂ ಎರಡು ಏಣಿ ಇದ್ವಲ್ಲ. ಅವನ್ನ ಯಾರು ಹತ್ತುತ್ತಾ ಇದಾರೆ?”

ಇವರು ಎದ್ದು ಅಂಗಿ ಹಾಕಿಕೊಂಡರು.

ಕಿಡಿಯಮ್ಮನನ್ನೂ ವರ್ಕ್‌ಶಾಪಿನ ಮಾಲೀಕರನ್ನೂ ಕರೆದುಕೊಂಡು ಹೊರಟರು. ಒಂದು ಏಣಿ ಬಟ್ಟೆ ಗೋದಾಮಿನಲ್ಲಿ ಸಿಕ್ಕಿತು. ಅದರ ತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳಂತೆ. ಅವಳನ್ನು ಮೆಲ್ಲಗೆ ಇಳಿಸಿ, ಏಣಿಯನ್ನು ಅಲ್ಲೇ ಕತ್ತರಿಸಿ ಹಾಕಿದರು. ಇನ್ನೊಂದನ್ನು ಯಾರೋ ಬಾಡಿಗೆ ಗಾಡಿಗೆ ಹೇರಿಕೊಂಡು ಹೋಗಿದ್ದರು. ಹೆಸರು, ವಿಳಾಸ ಯಾರೂ ಕೇಳಿರಲಿಲ್ಲ. ಹನ್ನೊಂದು ದಿನ ಹುಡುಕಿದರು. ಸಿಗಲಿಲ್ಲ.

ಆಮೇಲೆ ತರಬೇತಿಗೆ ಸೇರಿದರು. ಮಕ್ಕಳ ವಯಸ್ಸಿನವರ ಪಕ್ಕ ಬೆಂಚಿನ ಮೇಲೆ ಕೂತರು. ಗಾಳಿಗೆ ಪರದೆ ಕಟ್ಟುವುದು, ಗ್ಯಾಸ್ ಎಷ್ಟು ಬಿಡಬೇಕು, ತಂತಿ ಎಷ್ಟು ವೇಗವಾಗಿ ಬರಬೇಕು, ಎಲ್ಲ ಹೊಸದಾಗಿ ಕಲಿತರು. ಪರೀಕ್ಷೆಯಲ್ಲಿ ಬೆಸೆದ ತಗಡನ್ನು ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ಮೊದಲ ಸಲ ಬಿರುಕು ಬಿಟ್ಟಿತು. “ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸಾನ ಹೀಗೆ ಯಾರೂ ಬಗ್ಗಿಸಿ ನೋಡಿರಲಿಲ್ಲ ಕಣೇ,” ಅಂದರು. ಎರಡನೇ ಸಲ ಪಾಸಾದರು.

ಸರ್ಟಿಫಿಕೇಟನ್ನು ತಂದು ತಮ್ಮನ ಕೈಗೆ ಕೊಟ್ಟರು. ಅವನು ಒಂದಕ್ಷರ ಬಿಡದೆ ಓದಿದ. “ಏಳು ತಿಂಗಳು ಲೇಟು, ಅತ್ತಿಗೆ” ಅಂದ. ನಗುತ್ತಲೇ ಅಂದ. ನಾನು ಅಡುಗೆಮನೆಗೆ ಹೋಗಿ ಡಬ್ಬಿ ಎತ್ತಿ ನೋಡಿದೆ. ಆ ಹಳೇ ಫಾರ್ಮ್ ಅಲ್ಲೇ ಇತ್ತು. ಬಾಗಿಲು ಹಾಕಿಕೊಂಡು ಅತ್ತೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರು ತಂತಿ ಮೆಷಿನ್ ಹಿಡಿಯುವವರಾದರೆ, ಕೈ ಪಳಗಿದೆ ಅಂತ ಸುಮ್ಮನಾಗಬೇಡಿ. ಹತ್ತಿರದ ತರಬೇತಿ ಕೇಂದ್ರಕ್ಕೆ ಕಳಿಸಿ. ಮೊದಲು ಕಲಿಯಲಿ, ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ತಗೊಳ್ಳಲಿ, ಆಮೇಲೆ ಗನ್ ಹಿಡಿಯಲಿ. ಫಾರ್ಮ್ ತಂದುಕೊಟ್ಟವರನ್ನು ನನ್ನ ಹಾಗೆ ಆಡಿಕೊಳ್ಳಬೇಡಿ.

ಇನ್ನೊಂದು ಮಾತು. ಹಸಿರು ಬಣ್ಣದ, ಒಂಬತ್ತು ಮೆಟ್ಟಿಲಿನ, ನಾಲ್ಕು ಗಾಲಿಯ ಏಣಿ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ದಯವಿಟ್ಟು ಯಾರನ್ನೂ ಹತ್ತಲು ಬಿಡಬೇಡಿ. ಅದು ನಮ್ಮದು.